ಪ್ರೊಸೆಸ್ ಹಾಕ್ರಿ ಅನ್ನುವವರಿಗೆ

ನಮ್ಮ ಮನೆಯ ರಿಂಗ್ ಲೈಟಿನ ಮುಂದೆ ಈಗ ನಮ್ಮವರು ಗಡ್ಡ ಮಾಡಿಕೊಳ್ಳುತ್ತಾರೆ. ಬಳೆಯಂಥ ಆ ಬಿಳಿ ದೀಪವನ್ನು ಬಚ್ಚಲಮನೆಯ ಬಾಗಿಲಿಗೆ ನೇತುಹಾಕಿ, ಮುಖದ ತುಂಬ ನೊರೆ ಬಳಿದುಕೊಂಡು, ಗಲ್ಲ ಉಬ್ಬಿಸಿ ನಿಂತರೆಂದರೆ ಮೇಕಪ್ ಅರ್ಧಕ್ಕೆ ಬಿಟ್ಟ ಸಿನಿಮಾ ನಟನ ಹಾಗೆ ಕಾಣುತ್ತಾರೆ. ವಿಮಾ ಕಚೇರಿಯ ಮನುಷ್ಯ. ಯಾವ ವಸ್ತುವೂ ಉಪಯೋಗವಿಲ್ಲದೆ ಮನೆಯಲ್ಲಿ ಕೂತರೆ ಅವರಿಗೆ ನಿದ್ದೆ ಬರುವುದಿಲ್ಲ. "ಎಡಗಡೆ ಇಷ್ಟ್ ವರ್ಷ ಗಡ್ಡ ಉಳೀತಿತ್ತಂತ ಈಗ ಗೊತ್ತಾತ್ ನೋಡು" ಎಂದು ನನಗೇ ಕೇಳುವ ಹಾಗೆ ಹೇಳುತ್ತಾರೆ. ನಾನು ಅತ್ತ ತಿರುಗಿ ನೋಡುವುದಿಲ್ಲ. ಆ ದೀಪ ತಂದದ್ದು ನನ್ನ ಕೈಗಾಗಿ. ನನ್ನ ಕೈ, ಸೂಜಿ, ದಾರ, ಇವು ಮೂರು ಚೆನ್ನಾಗಿ ಕಾಣಲಿ ಎಂದು. ಅದರ ಬೆಳಕಿನಲ್ಲಿ ನನ್ನ ಬಾಯಿಯೂ ಕಾಣುತ್ತದೆ ಅನ್ನುವುದು ಆಗ ಹೊಳೆದಿರಲಿಲ್ಲ.

ನನ್ನ ಪೇಜಿಗೆ ಬರುವ ನೀವು ಮತ್ತೆ ಮತ್ತೆ ಕೇಳುತ್ತೀರಿ. ಅಕ್ಕಾರ, ಬರೇ ಮುಗಿದ ಸೀರಿ ಫೋಟೋ ಹಾಕ್ತೀರಿ, ಮಾಡೋದು ತೋರಸ್ರಿ, ಪ್ರೊಸೆಸ್ ಹಾಕ್ರಿ, ಅಂತ. ನಾನು ಒಂದು ಕೆಂಪು ಹೃದಯ ಒತ್ತಿ ಜಾರಿಕೊಳ್ಳುತ್ತೇನೆ. ಕೆಲವರು ಕೋಪದಿಂದ, ಈಕೆ ಗುಟ್ಟು ಬಿಡುವುದಿಲ್ಲ, ಜಂಬ, ಎಂದೂ ಬರೆದಿದ್ದೀರಿ. ಜಂಬ ಇತ್ತು, ಒಪ್ಪಿದೆ. ಈಗ ಇರುವುದು ನಾಚಿಕೆ. ಪ್ರೊಸೆಸ್ ಒಂದು ಸಲ ಹಾಕಿದ್ದೆ. ಏನಾಯಿತೆಂದು ಹೇಳಿಬಿಡುತ್ತೇನೆ, ಆಮೇಲೆ ಕೇಳಬೇಡಿ.

ಹೊಸಬರಿಗೆ ಒಂದು ಮಾತು. ನಾನು ಮಾಡುವುದು ಕಸೂತಿ, ನಮ್ಮ ಧಾರವಾಡದ್ದು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಮನೆ ಹಾರುತ್ತ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಒಂದು ಎಳೆ ತಪ್ಪಿದರೆ ಆನೆಯ ಕಾಲು ಆನೆಗೆ ಸೇರುವುದಿಲ್ಲ. ಆಮೇಲೆ ಕೂತು ಬಿಚ್ಚು.

ಇಷ್ಟು ಎಣಿಕೆಯ ಕೆಲಸವನ್ನು ಬಾಯಿ ಮುಚ್ಚಿಕೊಂಡು ಮಾಡಬೇಕಲ್ಲವೆ? ನಮ್ಮಲ್ಲಿ ಯಾರೂ ಹಾಗೆ ಮಾಡಿದ್ದು ನಾನು ಕಂಡಿಲ್ಲ. ನನ್ನ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಸೀರೆ, ಕುಬಸದ ಖಣ ಹಿಡಿದು ಸೇರುತ್ತಿದ್ದರು. ಅಲ್ಲಿ ಕೈಗಿಂತ ಬಾಯಿಗೆ ಕೆಲಸ ಹೆಚ್ಚು. ನನ್ನದು ಸೂಜಿಗೆ ದಾರ ಪೋಣಿಸುವ ಉದ್ಯೋಗ, ಏಕೆಂದರೆ ಕಣ್ಣು ಚುರುಕು. ಕಿವಿ ಅದಕ್ಕಿಂತ ಚುರುಕು ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಯಾರ ಸೊಸೆ ತವರಿಗೆ ಹೋಗಿ ಯಾಕೆ ಬರಲಿಲ್ಲ, ಯಾರ ಗಂಡ ಪಗಾರ ಎಲ್ಲಿ ಕೊಟ್ಟುಬಂದ, ಎಲ್ಲ ಆ ಪಡಸಾಲೆಯಲ್ಲಿ ಗೋಪುರ, ತುಳಸಿಕಟ್ಟೆ, ನವಿಲುಗಳ ಜೊತೆ ಸೇರಿಕೊಂಡೇ ಮೂಡುತ್ತಿತ್ತು. ಒಂದು ಮಧ್ಯಾಹ್ನ ಗಂಗಕ್ಕ ಎಂಬವರ ಜಿಪುಣತನವನ್ನು ಎಲ್ಲರೂ ಸೇರಿ ಎಳೆ ಎಳೆಯಾಗಿ ಬಿಡಿಸುತ್ತಿದ್ದಾಗ ಸ್ವತಃ ಗಂಗಕ್ಕನೇ ಹೊಸ್ತಿಲು ದಾಟಿ ಒಳಗೆ ಬಂದರು. ನಾನು ದಾರದ ಉಂಡೆಯ ಮೇಲೆ ಬಗ್ಗಿದೆ. ಅಜ್ಜಿ ಸೂಜಿ ಕೂಡ ನಿಲ್ಲಿಸಲಿಲ್ಲ. "ಬಾರವಾ ಗಂಗಾ, ನೂರು ವರ್ಷ ಆಯುಷ್ಯ ನಿನಗ. ಈಗ ನಿನ್ನ ಸುದ್ದೀನ ತಗದಿದ್ವಿ" ಅಂದಳು. ಅದು ಸುಳ್ಳೂ ಅಲ್ಲ! ಗಂಗಕ್ಕ ಖುಷಿಯಾಗಿ ಕೂತು ಇನ್ನೊಬ್ಬರ ಸುದ್ದಿ ತೆಗೆದರು.

ಆ ಸೀರೆಗಳನ್ನು ಉಟ್ಟವರಿಗೆ ಈ ಮಾತೊಂದೂ ಕೇಳಿಸಲಿಲ್ಲ. ಬಟ್ಟೆಗೆ ಬಾಯಿಲ್ಲ. ಹೀಗಾಗಿ ನಾನು ದೊಡ್ಡವಳಾಗಿದ್ದೇ ಒಂದು ತಪ್ಪು ತಿಳಿವಳಿಕೆಯ ಮೇಲೆ: ಮಾತು ಗಾಳಿಗೆ ಹೋಗುತ್ತದೆ, ಕಸೂತಿ ಉಳಿಯುತ್ತದೆ.

ಗುಜರಾತಿಗೆ ವರ್ಗವಾಗಿ ಬಂದ ಮೇಲೆ ಈ ತಿಳಿವಳಿಕೆಗೆ ರೆಕ್ಕೆ ಬಂತು. ಮೊದಲು ಸೂರತ್, ಆಮೇಲೆ ವಡೋದರಾ. ಇಲ್ಲಿ ಕನ್ನಡವೆಂದರೆ ನಮ್ಮ ಪಾಲಿಗೆ ಬೀಗ ಹಾಕಿದ ಕೋಣೆ. ತರಕಾರಿಯವನ ಎದುರಿಗೇ ಅವನ ಬದನೆಕಾಯಿಯನ್ನು ಬೈಯಬಹುದು. ಬಂದ ಅತಿಥಿಗಳ ಎದುರಿಗೇ ಗಂಡನಿಗೆ "ಇವರು ಏಳೋ ಹಂಗ ಕಾಣೂದಿಲ್ಲ, ಅನ್ನಕ್ಕ ಇಡ್ಲೇನು?" ಎಂದು ನಗುನಗುತ್ತ ಕೇಳಬಹುದು. ಹೊರನಾಡಿನ ಕನ್ನಡಿಗರೆಲ್ಲ ಮಾಡುವ ಕೆಲಸವೇ ಇದು, ನೀವು ಮಾಡಿಲ್ಲ ಅಂತ ಎದೆ ಮುಟ್ಟಿ ಹೇಳಿ. ಒಂದು ಸಲ ಸೂರತ್‌ನಿಂದ ರೈಲಿನಲ್ಲಿ ಬರುವಾಗ ಎದುರು ಸೀಟಿನ ಹಿರಿಯರೊಬ್ಬರ ಮೀಸೆಯ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಅದು ಪೊರಕೆಯೋ ಬಾಚಣಿಕೆಯೋ ಎಂಬ ಮಟ್ಟಕ್ಕೆ ಚರ್ಚೆ ಹೋಗಿತ್ತು. ಭರೂಚ್ ಬಂತು. ಅವರು ಚೀಲ ಹೆಗಲಿಗೇರಿಸಿ, ನನ್ನ ಕಡೆ ಬಗ್ಗಿ, "ನಮ್ದ್ ಕುಂದಾಪ್ರ ಬದಿ ಅಮ್ಮ. ಇಲ್ಲೇ ಹೋಟೆಲ್ ಇತ್ತ್. ಮೀಸಿ ನಾಳೆಗೇ ತೆಗಿತೆ" ಎಂದು ಇಳಿದುಹೋದರು. ವಡೋದರಾ ಬರುವ ತನಕ ನಾನು ಕಿಟಕಿಯಿಂದ ಮುಖ ಒಳಗೆ ತರಲಿಲ್ಲ. ಅವತ್ತೇ ಬುದ್ಧಿ ಕಲಿಯಬೇಕಿತ್ತು. ನಾನು ಕಲಿತದ್ದು ಇಷ್ಟೇ: ರೈಲಿನಲ್ಲಿ ಮಾತಾಡಬಾರದು, ಮನೆಯಲ್ಲಿ ಮಾತಾಡಬಹುದು.

ಈಗ ಜಾಗೃತಿಬೆನ್ ಬಗ್ಗೆ. ಅವರ ಮನೆಯವರೆಲ್ಲರ ಹೆಸರು ಬದಲಿಸಿದ್ದೇನೆ. ನಮ್ಮ ಮೇಲಿನ ಮಹಡಿಯವರು, ನನಗಿಂತ ಸ್ವಲ್ಪ ದೊಡ್ಡವರು, ಗಂಡನದು ಮಕರಪುರದಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಅವರು ಹಾಲಿನವನಿಗೆ ಬೈದರೆ ಕೆಳಗೆ ಪಾರ್ಕಿಂಗಿನಲ್ಲಿ ಸ್ಕೂಟರ್ ಒರೆಸುತ್ತಿರುವವರು ಕೈ ನಿಲ್ಲಿಸುತ್ತಾರೆ, ಅಂಥ ದನಿ. ನನಗೆ ಚಿಕೂನ್‌ಗುನ್ಯಾ ಬಂದು ಬೆರಳು ಮಡಚಲಾಗದೆ ಮಲಗಿದ್ದಾಗ ದಿನವೂ ಖಿಚಡಿ ತಂದು, ನನ್ನ ತಲೆ ಬಾಚಿ, ಜಡೆ ಹಾಕಿ, "ಇಷ್ಟು ಕೂದಲು ಉದುರಿಸಿಕೊಂಡರೆ ನಿನ್ನ ಗಂಡ ನನ್ನನ್ನು ಕೇಳುತ್ತಾನೆ" ಎಂದು ಆ ದನಿಯಲ್ಲೇ ಬೈದು ಹೋಗುತ್ತಿದ್ದರು. ಅವರ ಹಿಂದಿಯಲ್ಲಿ ಮುಕ್ಕಾಲು ಗುಜರಾತಿ, ನನ್ನ ಹಿಂದಿಯಲ್ಲಿ ಅರ್ಧ ಧಾರವಾಡ. ಹೇಗೋ ನಡೆಯುತ್ತಿತ್ತು.

ಒಂದು ದಿನ ನನ್ನ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತ, ದನಿ ಇಳಿಸಿ, ಸೊಸೆ ಕೃಪಾಳಿಗೆ ಹಿಂದಿನ ವರ್ಷ ಬಸುರು ಮೂರು ತಿಂಗಳಿಗೇ ಹೋಗಿಬಿಟ್ಟಿತೆಂದು ಹೇಳಿದರು. ಯಾರಿಗೂ ಹೇಳಿಲ್ಲ, ತನ್ನ ತಂಗಿಗೂ ಹೇಳಿಲ್ಲ, ಕೃಪಾಗೆ ಇಷ್ಟವಿಲ್ಲ ಅಂದರು. ಅವರಿಗೆ ಅಷ್ಟು ಸಣ್ಣ ದನಿಯೂ ಇದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಅದಾದ ಕೆಲವು ತಿಂಗಳಿಗೆ ಹಿಗ್ಗಿನಿಂದ ಓಡಿಬಂದು, ಮುಂದಿನ ತಿಂಗಳು ನಮ್ಮ ಕೃಪಾಳ ಶ್ರೀಮಂತ್ ಅಂದರು. ನಾನು ಅಭಿನಂದನೆ ಹೇಳಿ, ಪ್ರಮೋಷನ್ ಆಯ್ತೇ ಎಂದು ಕೇಳಿದೆ. ಇಲ್ಲಿ ಸೀಮಂತಕ್ಕೆ ಶ್ರೀಮಂತ್ ಅನ್ನುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಅವರು ನಕ್ಕು ನಕ್ಕು ಗೋಡೆ ಹಿಡಿದರು. ಆ ಖುಷಿಯಲ್ಲಿ ನಾನೇ ಬಾಯಿಬಿಟ್ಟು, ಸೀರೆಗೆ ಕಸೂತಿ ಹಾಕಿಕೊಡುತ್ತೇನೆ, ನನ್ನ ಉಡುಗೊರೆ, ಎಂದೆ. ನಮ್ಮಲ್ಲಿ ಬಸುರಿಗೆ ಕಪ್ಪು ಚಂದ್ರಕಾಳಿ ಸೀರೆ ಬಹಳ ಶುಭ, ಅದರ ಮೇಲೆ ಕಸೂತಿ ಎದ್ದು ಕಾಣುತ್ತದೆ. ಕಪ್ಪು ಎಂಬ ಶಬ್ದ ಕೇಳಿದ್ದೇ ತಡ, ಅವರು ಎರಡೂ ಕಿವಿ ಮುಚ್ಚಿಕೊಂಡರು. ಶುಭಕಾರ್ಯಕ್ಕೆ ಕಪ್ಪೇ? ಗಿಳಿಹಸಿರು ಸೀರೆ ಬಂತು. ಆಮೇಲೆ ಆನೆಯ ಸೊಂಡಿಲು ಮೇಲಕ್ಕೇ ಇರಬೇಕು ಎಂದು ಬಂತು. ಆಮೇಲೆ ನಡುನಡುವೆ ಚಮಕಿ ಹಚ್ಚಿದರೆ ಹೇಗೆ ಎಂದು ಬಂತು. ಕಸೂತಿಗೆ ಚಮಕಿ! ನಾನು ಮೇಲೆ ನಕ್ಕೆ, ಒಳಗೆ ಕುದಿದೆ. ಆ ಕುದಿಯನ್ನು ಹೊರಹಾಕುವುದಕ್ಕೆ ನನಗೆ ಸುಧಾ ಇದ್ದಳು. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ. ದಿನಾ ಮಧ್ಯಾಹ್ನ ನಮ್ಮವರ ಹಳೆಯ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು, ಕೈ ಹೊಲಿಯುತ್ತಿದ್ದರೆ ಬಾಯಿ ಹುಬ್ಬಳ್ಳಿಗೆ ಹೋಗುತ್ತಿತ್ತು.

ಈ ಹೊತ್ತಿಗೆ ಸರಿಯಾಗಿ ನಮ್ಮ ಮಗಳು ಶ್ರುತಿ ರಿಂಗ್ ಲೈಟ್ ತಂದಳು. ಕಾಲೇಜಿನವಳು. ಹುಟ್ಟಿದ್ದು ಸೂರತ್, ಬೆಳೆದದ್ದು ವಡೋದರಾ. ಅವಳ ಕನ್ನಡ ಊಟ, ನೀರು, ಬಾಗಿಲು ಹಾಕು ಇಷ್ಟಕ್ಕೆ ಸಾಲುತ್ತದೆ, ಮಿಕ್ಕದ್ದಕ್ಕೆ ಹಿಂದಿ, ಇಂಗ್ಲಿಷ್ ಬೆರೆಸುತ್ತಾಳೆ. "ಮಮ್ಮಿ, ಫಿನಿಶ್ಡ್ ಫೋಟೋ ಕೋಯೀ ನೋಡಲ್ಲ. ಪ್ರೊಸೆಸ್ ನೋಡ್ತಾರೆ. ಮ್ಯೂಸಿಕ್ ಬೇಡ, ದಾರದ ಆವಾಜ಼್ ಬೇಕು, ನೀನು ಬಸ್ ಹೊಲಿ" ಎಂದಳು. ದಾರ ಬಟ್ಟೆಯಿಂದ ಸರ್ರನೆ ಎಳೆಯುವ ಸದ್ದು ಕೇಳಿದರೆ ಜನರಿಗೆ ನಿದ್ದೆ ಬರುತ್ತದಂತೆ, ಮನಸ್ಸಿಗೆ ಶಾಂತಿಯಂತೆ. ನಾನು ಬಳೆ ಬದಲಿಸಿದೆ, ಉಗುರಿಗೆ ಬಣ್ಣ ಹಚ್ಚಿದೆ, ತಟ್ಟೆಯಲ್ಲಿ ಬಣ್ಣದ ದಾರಗಳನ್ನು ಮದುವೆಮನೆಯ ಎಲೆಯ ಹಾಗೆ ಜೋಡಿಸಿದೆ. ದೀಪದ ನಡುವೆ ಸಿಕ್ಕಿಸಿದ ನನ್ನ ಫೋನು ತಾನೇ ರೆಕಾರ್ಡು ಮಾಡಿಕೊಳ್ಳುತ್ತಿತ್ತು. ಒಂದೆರಡು ದಿನ ಅದರ ಮುಂದೆ ಬಿಗಿಯಾಗಿ ಕೂತೆ. ಮೂರನೆಯ ದಿನ ಅದು ಅಲ್ಲಿದೆ ಎಂಬುದೇ ಮರೆತುಹೋಯಿತು. ಅವತ್ತು ಸೆರಗಿನ ಮೇಲೆ ತೊಟ್ಟಿಲು ಹಾಕುತ್ತಿದ್ದೆ. ಸುಧಾಳಿಗೆ ಫೋನು ಹಚ್ಚಿದ್ದೆ.

ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಆಕೀಗೆ ಕಲಾ ಅಂದ್ರ ಬರೇ ಮಿಣಿಮಿಣಿ, ಅಂದೆ. ಆನೀನೂ ಆಕಿ ಹೇಳಿದಂಗ ಸೊಂಡಿ ಎತ್ತಬೇಕು, ಅಂದೆ. ಸುಧಾ ಆ ಕಡೆಯಿಂದ ನಗುತ್ತಿದ್ದಳು. ನಗುವವರು ಇದ್ದರೆ ನನಗೆ ಹುರುಪು ಹೆಚ್ಚು. ಸೊಸಿಗೆ ಎಷ್ಟನೇ ತಿಂಗಳು ಎಂದು ಆಕೆ ಕೇಳಿದಳು. ನಾನು ಹಲ್ಲಿನಿಂದ ದಾರ ಕಡಿದು, ತೊಟ್ಟಿಲಿನ ಸರಪಳಿಯ ಎಳೆ ಎಣಿಸುತ್ತ ಹೇಳಿದೆ:

"ಏಳು. ಮದಲನೇದು ಹೋತಲ್ಲ ಪಾಪ. ಅತ್ತಿ ಬಾಯಿಗೆ ಹೆದರೇ ಹೋಗಿರ್ಬೇಕು ಬಿಡು."

ಸುಧಾ ನಕ್ಕಳು. ನಾನೂ ನಕ್ಕೆ. ಮತ್ತೆ ಎಳೆ ಎಣಿಸಿದೆ.

ಶ್ರುತಿ ಅದನ್ನೇ ಕತ್ತರಿಸಿ ಚೊಕ್ಕಟ ಮಾಡಿ ಹಾಕಿದಳು. ಆಮೇಲೆ, ಮಾತು ಯಾಕೆ ತೆಗೆಯಲಿಲ್ಲವೇ ಎಂದು ನಾನು ಕೂಗಾಡಿದಾಗ ಅವಳು ಕಣ್ಣರಳಿಸಿ ನಿಂತಳು. "ನೀನು ಮತ್ತೆ ಮೌಸಿ ಮಾತಾಡೋದು ನನಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಗೆ ಲಗತಾ ಹೈ ಮಮ್ಮಿ. ಚಿಕ್ಕವಳಿಂದ ಕೇಳ್ತೀನಿ. ಅದರಲ್ಲಿ ಮೀನಿಂಗ್ ಇರುತ್ತೆ ಅಂತ ಸೋಚಾ ಹಿ ನಹೀಂ." ಅರ್ಥವಿರುತ್ತದೆಂದು ಯೋಚಿಸಿಯೇ ಇರಲಿಲ್ಲವಂತೆ. ತಪ್ಪು ಅವಳದಲ್ಲ. ಅವಳಿಗೆ ತಿಳಿಯಬಾರದೆಂದೇ ನಾವು ದೊಡ್ಡವರು ಅಂಥ ಮಾತನ್ನು ಓಡಿಸಿ ಓಡಿಸಿ ಆಡುತ್ತಿದ್ದೆವು. ಮಗಳಿಗೆ ಮಾತೃಭಾಷೆ ಬರುವುದಿಲ್ಲ ಎಂದು ಕನ್ನಡ ಸಂಘದ ಸಭೆಯಲ್ಲಿ ಕಣ್ಣೀರು ಹಾಕಿದವಳೂ ನಾನೇ.

ವಿಡಿಯೋ ಓಡಿತು. ಹಿಂದೆ ಯಾವ ಸೀರೆಗೂ ಬಾರದಷ್ಟು ಜನ ಬಂದರು. ಅಡಿಯಲ್ಲಿ ಬರೀ ನಗುವ ಮುಖಗಳು. ಕಸೂತಿ ನೋಡಿ ಜನ ಯಾಕೆ ನಗುತ್ತಾರೆ ಎಂದು ಯೋಚಿಸಬೇಕಿತ್ತು. ಖುಷಿಯಿಂದ ನಗುತ್ತಿದ್ದಾರೆ ಅಂದುಕೊಂಡೆ, ಎಲ್ಲರಿಗೂ ಕೈ ಮುಗಿದೆ. ಮಾರನೆಯ ದಿನ ಬೆಳಗಾವಿ ಕಡೆಯ ಹೆಣ್ಣುಮಗಳೊಬ್ಬಳು, ಅಕ್ಕಾರ, ಆ ಅತ್ತೀಗೆ ಕನ್ನಡ ಬರೂದಿಲ್ಲಂತ ಧೈರ್ಯಾನೋ ಹೆಂಗ, ಎಂದು ಬರೆದಿದ್ದಳು. ಆಗ ಮೊದಲ ಸಲ ನನ್ನ ವಿಡಿಯೋವನ್ನು ದನಿ ಏರಿಸಿ ಕೇಳಿದೆ. ಗಿಳಿಹಸಿರಿನ ಮೇಲೆ ಕೆಂಪು ತೊಟ್ಟಿಲು ಒಂದೊಂದೇ ಗೆರೆಯಾಗಿ ಮೂಡುತ್ತಿದೆ, ನನ್ನ ಕೈ ಎಷ್ಟು ಚೆಂದ ಕಾಣುತ್ತಿದೆ, ಅದರ ಮೇಲೆ ನನ್ನದೇ ದನಿ. ಆ ಕ್ಷಣವೇ ಅಳಿಸಿಹಾಕಿದೆ. ಆಮೇಲೆ ಶ್ರುತಿ ಮೆಲ್ಲಗೆ ಇನ್ನೊಂದು ಸುದ್ದಿ ಹೇಳಿದಳು: ಈಗ ಆಪಿನಲ್ಲಿ ಮಾತು ತಾನಾಗಿಯೇ ನೋಡುವವರ ಭಾಷೆಗೆ ಬದಲಾಗಿ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಕನ್ನಡದವರಿಗೆ ಬರುವುದಿಲ್ಲ, ಗುಜರಾತಿಯವರಿಗೆ ಗುಜರಾತಿಯಲ್ಲಿ ಬರುತ್ತದೆ. ಲಿಂಕನ್ನು ಅವಳೇ ಹಿಂದಿನ ದಿನ ಜಾಗೃತಿ ಆಂಟಿಗೆ ಕಳಿಸಿದ್ದಳಂತೆ. ನೋಡಿ ಖುಷಿಪಡಲಿ ಅಂತ.

ಬೀಗ ಹಾಕಿದ ಕೋಣೆಯ ಗೋಡೆಯೇ ಇಲ್ಲ ಎಂದು ಗೊತ್ತಾದರೆ ಹೇಗಿರುತ್ತದೆ? ನಾನು ಅಡುಗೆಮನೆಯಲ್ಲಿ ನಿಂತು ಮೇಲಿನ ಮಹಡಿಯ ಸದ್ದಿಗೆ ಕಿವಿಗೊಟ್ಟೆ. ಅವತ್ತು ಹಾಲಿನವನಿಗೂ ಬೈಗುಳವಿಲ್ಲ. ಮರುದಿನವೂ ಇಲ್ಲ. ಆ ದನಿ ಕೇಳದಿದ್ದರೆ ಇಡೀ ಕಟ್ಟಡಕ್ಕೆ ಜ್ವರ ಬಂದ ಹಾಗಿತ್ತು. ನಾನು ಸುಧಾಳಿಗೆ ಫೋನು ಮಾಡಲಿಲ್ಲ. ನಮ್ಮವರು ಎಲ್ಲ ಕೇಳಿ, ಒಂದು ಪಾಲಿಸಿಯಿಂದಲೂ ಇದು ಕವರ್ ಆಗೂದಿಲ್ಲ, ನೀನ ಹೋಗಿ ಕ್ಷಮಾ ಕೇಳು, ಎಂದು ಪೇಪರು ಎತ್ತಿಕೊಂಡರು. ಎರಡು ಸಲ ಮೆಟ್ಟಿಲು ಹತ್ತಿ ಎರಡು ಸಲವೂ ವಾಪಸು ಬಂದೆ.

ಕೊನೆಗೆ ಒಂದು ಮಧ್ಯಾಹ್ನ ಅವರೇ ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ನೇರ ಬಂದು, ಕೈಯಲ್ಲಿದ್ದ ಫೋನನ್ನು ತೋಳುದ್ದ ದೂರ ಹಿಡಿದು ಕನ್ನಡಕ ಸರಿಮಾಡಿಕೊಂಡರು. ವಿಡಿಯೋ ನಾನು ಅಳಿಸಿದ್ದರೂ ಅಕ್ಷರದ ಫೋಟೋಗಳು ಅವರ ಹತ್ತಿರ ಇದ್ದವು.

"ಉಷಾಬೆನ್, ಈ ಯಂತ್ರದ ಗುಜರಾತಿ ನನಗೆ ನಂಬಿಕೆ ಇಲ್ಲ. ನೀನೇ ಹೇಳು, ಏನು ಅಂದದ್ದು?"

ನನ್ನ ಮಾತನ್ನು ನನ್ನಿಂದಲೇ ಅನುವಾದ ಮಾಡಿಸುವುದಕ್ಕೆ ಬಂದಿದ್ದರು. ಬೈಯುವುದಕ್ಕಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು. ಮೊದಲನೆಯ ಫೋಟೋ ಓದಿದರು, ಅವಳಿಗೆ ಕಲೆ ಎಂದರೆ ಹೊಳಪು. ಇದು ನಾನೇ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಸಾಚು ಛೇ, ನಿಜವೇ, ನನಗೆ ಹೊಳೆಯುವುದೇ ಇಷ್ಟ, ಎಂದು ಮುಂದೆ ಸರಿಸಿದರು. ಎರಡನೆಯದು, ಆನೆ ಅವಳ ಮಾತು ಕೇಳುತ್ತದೆ ಎಂದಾಗಿತ್ತು. ಅದನ್ನು ಅವರು ಹೊಗಳಿಕೆ ಎಂದೇ ತಿಳಿದಿದ್ದರು. ಮೂರನೆಯದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಅಕ್ಷರಗಳನ್ನು ದಪ್ಪ ಮಾಡಿ ನನ್ನ ಮುಂದೆ ಹಿಡಿದರು. ಗುಜರಾತಿ ಅಕ್ಷರ ನನಗೆ ಕಷ್ಟ, ಅವರೇ ಓದಿದರು.

"ಮೊದಲನೆಯದು ಹೋಯಿತು, ಅಂಜೀರದ ಬಾಯಿಗೆ ಹೆದರಿ ಹೋಯಿತು. ಇದೇನು?"

ನನಗೆ ತಕ್ಷಣ ತಿಳಿಯಲಿಲ್ಲ. ಯಾವ ಅಂಜೀರ? ಆಮೇಲೆ ಹೊಳೆಯಿತು. ಅತ್ತಿ. ಧಾರವಾಡದ ಬಾಯಲ್ಲಿ ಅತ್ತೆ ಎಂಬುದು ಅತ್ತಿ. ಪುಸ್ತಕದಲ್ಲಿ ಓದಿ ಕನ್ನಡ ಕಲಿತ ಆ ಯಂತ್ರಕ್ಕೆ ಅತ್ತಿ ಅಂದರೆ ಹಣ್ಣು. ಅದೂ ನಮ್ಮ ಅತ್ತಿಹಣ್ಣಲ್ಲ, ಅಂಜೂರ.

ಜಾಗೃತಿಬೆನ್ ಹೇಳುತ್ತಿದ್ದರು: "ನಾನು ಹೇಳಿದ್ದು ನಿನಗೊಬ್ಬಳಿಗೆ. ನಿನ್ನ ಬಾಯಿಂದ ಹೊರಗೆ ಹೋಯಿತು. ಅದಕ್ಕೆ ಆಮೇಲೆ ಜಗಳ ಆಡುತ್ತೇನೆ. ಮೊದಲು ಇದು ಹೇಳು. ನಿಮ್ಮ ಕಡೆ ಬಸುರಿಗೆ ಅಂಜೀರ್ ಕೊಡುವುದಿಲ್ಲವೇ?"

ಇಲ್ಲಿ ನಾನು ಮಾಡಿದ್ದನ್ನು ನೋಡಿ. ಯಂತ್ರ ನನಗೊಂದು ಬಾಗಿಲು ತೆರೆದಿಟ್ಟಿತ್ತು, ನಾನು ಅದರೊಳಗೆ ನುಸುಳಿದೆ. ನಮ್ಮ ಕಡೆ ಅಂಜೂರ ಉಷ್ಣ ಅನ್ನುತ್ತಾರೆ, ಅದಕ್ಕೇ ಹಾಗೆ ಏನೋ ಅಂದೆ, ಎಂದುಬಿಟ್ಟೆ. ನಾಲಿಗೆ ತಡವರಿಸಲೂ ಇಲ್ಲ. ಗಂಗಕ್ಕನನ್ನು ಕಂಡ ಅಜ್ಜಿಗೂ ಇಷ್ಟು ಚುರುಕು ಇರಲಿಲ್ಲ. ಬಚಾವಾದೆ ಅಂದುಕೊಂಡು ಅವರ ಮುಖ ನೋಡಿದೆ.

ಅವರು ನೆಲದ ಮೇಲೆ ಕೂತುಬಿಟ್ಟರು. ಕುರ್ಚಿ ಪಕ್ಕದಲ್ಲೇ ಇತ್ತು. ಫೋನು ಮಡಿಲಲ್ಲಿ ಬಿತ್ತು.

"ಎರಡೂ ಸಲ ನಾನೇ ಕೊಟ್ಟದ್ದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನನ್ನ ಕೈಯಾರೆ. ಅವಳು ಬೇಡ ಅಂದರೂ ಬೈದು ತಿನ್ನಿಸಿದೆ. ಮೊನ್ನೆಯಿಂದ ನಿಲ್ಲಿಸಿದ್ದೇನೆ. ಮಮ್ಮಿ, ಅಂಜೀರ್ ಯಾಕೆ ಇಲ್ಲ ಎಂದು ಕೇಳಿದಳು. ಮುಗಿದಿದೆ ಅಂದೆ. ಡಬ್ಬಿ ತುಂಬ ಇದೆ."

ಹಾಲಿನವನಿಗೆ ಬೈಗುಳ ನಿಂತದ್ದು ಯಾಕೆಂದು ಆಗ ತಿಳಿಯಿತು. ನನ್ನ ಮೇಲಿನ ಸಿಟ್ಟಿನಿಂದಲ್ಲ. ಅಷ್ಟು ದಿನ ಆ ಹೆಂಗಸು ತನ್ನ ಮನೆಯಲ್ಲಿ, ಸೊಸೆಯ ಮುಂದೆ ತುಟಿ ಬಿಗಿದುಕೊಂಡು, ಮೊದಲ ಮೊಮ್ಮಗುವನ್ನು ತಾನೇ ಕೊಂದೆ ಎಂದು ಕೂತಿದ್ದರು. ನಾನು ನಕ್ಕು ಆಡಿದ ಒಂದು ಮಾತಿನಿಂದ. ಅದರ ಮೇಲೆ ಈಗಷ್ಟೇ ನನ್ನ ಸುಳ್ಳಿನ ಮುದ್ರೆ ಬೇರೆ ಒತ್ತಿದ್ದೆ.

ಹೇಳದೆ ದಾರಿಯಿರಲಿಲ್ಲ. ನಾನು ಧೈರ್ಯವಂತೆ ಅಂತಲ್ಲ. ನೆಲದ ಮೇಲೆ ಹಾಗೆ ಕೂತವರನ್ನು ನೋಡಿಕೊಂಡು ನಿಲ್ಲುವುದು ಅದಕ್ಕಿಂತ ಕಷ್ಟವಾಗಿತ್ತು. ನಾನೂ ನೆಲಕ್ಕೆ ಕೂತೆ.

"ಅಂಜೀರ್ ಅಲ್ಲ, ಜಾಗೃತಿಬೆನ್. ಯಂತ್ರ ತಪ್ಪು ಮಾಡಿದೆ. ಈಗ ನಾನು ಹೇಳಿದ್ದೂ ಸುಳ್ಳು. ನಮ್ಮ ಊರಲ್ಲಿ ಅತ್ತಿ ಅಂದರೆ ಸಾಸು."

ಅವರು ನನ್ನನ್ನೇ ನೋಡಿದರು. ಮೊದಲು ಅವರ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು. "ಅಂದರೆ ಅಂಜೀರ್‌ನಿಂದ ಅಲ್ಲ" ಎಂದರು, ತಮಗೆ ತಾವೇ. ಆ ಮುಖದ ಮೇಲೆ ಬಂದ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡೆ. ಅದರ ಬೆನ್ನಿಗೇ, ಮಿಕ್ಕ ಶಬ್ದಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತದ್ದನ್ನೂ ಕಂಡೆ. ಸಾಸು. ಬಾಯಿ. ಹೆದರಿ.

"ನನ್ನ ಬಾಯಿಗೆ" ಎಂದರು.

ಬಾಯಿಗೆ ಹೆದರಿ ಯಾವ ಮಗುವೂ ಹೋಗುವುದಿಲ್ಲ, ಯಾವ ಡಾಕ್ಟರನ್ನು ಬೇಕಾದರೂ ಕೇಳಿ, ಎಂದು ನಾನು ಗಡಿಬಿಡಿಯಿಂದ ಏನೇನೋ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

"ಹಾಗಾದರೆ ನೀನು ಯಾಕೆ ಅಂದೆ?"

ಇದಕ್ಕೆ ಉತ್ತರ ಹುಡುಕಿದೆ. ಸಿಟ್ಟಿತ್ತೇ? ಚಮಕಿಯ ವಿಷಯಕ್ಕೆ ಅಷ್ಟು ಸಿಟ್ಟು ಯಾರಿಗೂ ಬರುವುದಿಲ್ಲ. ಹೊಟ್ಟೆಕಿಚ್ಚೇ? ಅದೂ ಅಲ್ಲ. ಒಂದು ಒಳ್ಳೆಯ ಕಾರಣ ಇದ್ದಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಇದ್ದದ್ದನ್ನೇ ಹೇಳಿದೆ.

"ಕೈಗೆ ಕೆಲಸ ಇತ್ತು, ಬಾಯಿ ಖಾಲಿ ಇತ್ತು. ತಂಗಿ ನಗುತ್ತಿದ್ದಳು."

ಜಾಗೃತಿಬೆನ್ ಎದ್ದರು. ಚಹಾ ಇಡಲೇ ಎಂದು ಕೇಳಿದೆ, ಆ ಹೊತ್ತಿನಲ್ಲೂ ಇದನ್ನೇ ಕೇಳಿದೆ ನೋಡಿ. ಅವರು ಚಪ್ಪಲಿ ಮೆಟ್ಟಿ ಮೇಲೆ ಹೋದರು.

ಕೃಪಾಳ ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ಅವಳು ನೋಡಿಲ್ಲ ಎಂದೇ ನಾವಿಬ್ಬರೂ ಬಹಳ ದಿನ ನಂಬಿದ್ದೆವು. ಲಿಫ್ಟಿನಲ್ಲಿ ಸಿಕ್ಕರೆ, ಕೇಮ್ ಛೋ, ಹೇಗಿದ್ದೀರಿ ಆಂಟಿ, ಎಂದು ಎಂದಿನ ಹಾಗೆ ನಗುತ್ತಿದ್ದಳು. ನಾನು ಲಿಫ್ಟಿನ ಗುಂಡಿಗಳನ್ನು ನೋಡುತ್ತಿದ್ದೆ. ಈಗ ಅವಳ ಮಗ ಅಂಬೆಗಾಲಿಡುತ್ತಾನೆ. ಇದನ್ನು ಬರೆಯಲೇ ಎಂದು ಕೇಳಲು ಮೊನ್ನೆ ಅವರ ಮನೆಗೆ ಹೋದಾಗ ಕೃಪಾ ಮಗುವಿಗೆ ಅನ್ನ ಹಿಸುಕುತ್ತ, ತಾನು ಮೊದಲ ದಿನವೇ ಆಫೀಸಿನಲ್ಲಿ ನೋಡಿದ್ದೆ, ಜೊತೆಗೆ ಕೆಲಸ ಮಾಡುವ ಮೂವರೂ ನೋಡಿದರು, ಅಂದಳು. ಬರೆಯಿರಿ, ನಿಜವಾದ ಹೆಸರು ಬೇಡ, ಅಂದಳು. ಅಳಿಸಿದ್ದೇನೆ, ಮುಗಿಯಿತು ಎಂದು ನಾನು ಸಮಾಧಾನ ಮಾಡಿಕೊಂಡ ಅಷ್ಟೂ ದಿನ ಆ ಹುಡುಗಿ ಅದನ್ನು ಒಳಗಿಟ್ಟುಕೊಂಡು ನನಗೆ ಕೇಮ್ ಛೋ ಅನ್ನುತ್ತಿದ್ದಳು. ನಾನು ಮಗುವಿನ ಗಲ್ಲ ಮುಟ್ಟಿ ಬಂದೆ.

ಇನ್ನು ಸೀರೆ. ಅರ್ಧ ತೊಟ್ಟಿಲಿನೊಂದಿಗೆ ಅದು ನನ್ನ ಮೇಜಿನ ಮೇಲೆ ಬಿದ್ದಿತ್ತು. ಬಿಚ್ಚಿಬಿಡಲೇ, ಹಾಗೇ ವಾಪಸು ಕೊಡಲೇ, ತಿಳಿಯದು. ಸೀಮಂತ ಹತ್ತಿರ ಬರುತ್ತಿತ್ತು. ಜಾಗೃತಿಬೆನ್ ಬಂದು ಹೋದ ಮರುದಿನ ಮಧ್ಯಾಹ್ನ, ಸುಧಾಳ ಫೋನಿನ ಹೊತ್ತಿಗೆ ಸರಿಯಾಗಿ, ಬಾಗಿಲು ಬಡಿಯಿತು. ಅವರೇ. ಒಳಗೆ ಬಂದು, ರಿಂಗ್ ಲೈಟನ್ನು ಕಾಲಿನಿಂದ ಆಚೆ ಸರಿಸಿ, ಕುರ್ಚಿ ಎಳೆದು ನನ್ನ ಎದುರಿಗೆ ಕೂತರು.

"ಮುಗಿಸು. ನಾನು ಇಲ್ಲೇ ಕೂರುತ್ತೇನೆ. ಮಾತಾಡದೆ ನಿನ್ನ ಕೈ ನಡೆಯುವುದಿಲ್ಲ ಎಂದು ಗೊತ್ತಾಯಿತು. ಮಾತಾಡು, ಗುಜರಾತಿಯಲ್ಲಿ ಮಾತಾಡು."

ಸೂಜಿಗೆ ದಾರ ಪೋಣಿಸಲು ನೋಡಿದೆ, ಎರಡು ಸಲ ತುದಿ ಒದ್ದೆ ಮಾಡಿದರೂ ಹೋಗಲಿಲ್ಲ. ಅವರು ನೋಡುತ್ತಿದ್ದರು, ನೆರವಿಗೆ ಬರಲಿಲ್ಲ. ಪೋಣಿಸಿದ ಮೇಲೆ ಮಾತು ಹುಡುಕಿದೆ. ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಕಲಿತ ಗುಜರಾತಿಯನ್ನೆಲ್ಲ ಗುಡಿಸಿ ಒಟ್ಟು ಮಾಡಿದರೆ ಸಿಕ್ಕದ್ದು ಇಷ್ಟು: ಕೊತ್ತಂಬರಿ, ಬಟಾಟೆ, ನೀರು ಬಂತೇ, ಲಿಫ್ಟ್ ಕೆಟ್ಟಿದೆ, ನಾಳೆ ಬಾ, ಊಟ ಆಯ್ತೇ, ಮೈಗೆ ಹೇಗಿದೆ. ಒಬ್ಬರ ಬಗ್ಗೆ ಆಡಿಕೊಳ್ಳುವುದಕ್ಕೆ ಬೇಕಾದ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಈ ಊರಿನವರು ನನಗೆ ಕಲಿಸಿದ ಭಾಷೆಯಲ್ಲಿ ಯೋಗಕ್ಷೇಮ ಬಿಟ್ಟು ಬೇರೇನೂ ಕೇಳಲು ಬರುತ್ತಿರಲಿಲ್ಲ. ಆ ನಾಚಿಕೆ ನನಗೆ ಇಂದಿಗೂ ಇದೆ.

"ತಬಿಯತ್ ಕೇಮ್ ಛೇ?" ಎಂದೆ. ಮೈಗೆ ಹೇಗಿದೆ.

"ಸಾರಿ ನಥಿ" ಅಂದರು ಜಾಗೃತಿಬೆನ್.

ಗುಜರಾತಿಯಲ್ಲಿ ಸಾರಿ ಅಂದರೆ ಚೆನ್ನಾಗಿದೆ ಅಂತ. ಸಾರಿ ನಥಿ ಅಂದರೆ ಚೆನ್ನಾಗಿಲ್ಲ. ನನಗದು ಗೊತ್ತಿತ್ತು. ಆದರೂ ನನ್ನ ಕಿವಿಗೆ ಆ ಇಂಗ್ಲಿಷ್ ಶಬ್ದವೇ ಕೇಳಿಸಿತು, ಮತ್ತು ಅಷ್ಟು ದಿನ ಹೇಳದೆ ಉಳಿದದ್ದು ಅದರ ಹಿಂದೆಯೇ ಹೊರಟಿತು. ಸಾರಿ, ಎಂದೆ. ಇನ್ನೊಂದು ಸಲ ಎಂದೆ. ಕಣ್ಣು ತುಂಬಿ ಎಳೆಗಳು ಒಂದಕ್ಕೊಂದು ಸೇರಿಹೋದವು, ಸೂಜಿ ಎಲ್ಲಿಗೆ ಚುಚ್ಚಬೇಕೆಂದು ಕಾಣಲಿಲ್ಲ.

ಅವರು ಪರವಾಗಿಲ್ಲ ಎನ್ನಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು, ಕನ್ನಡಕವನ್ನು ಮೂಗಿನ ತುದಿಗೆ ತಂದು ಬಟ್ಟೆಯ ಮೇಲೆ ಬಗ್ಗಿದರು, ಉಗುರಿನ ತುದಿಯಿಂದ ಒಂದು ಎಳೆಯನ್ನು ಮುಟ್ಟಿದರು.

"ನನ್ನ ಮುಖ ನೋಡಬೇಡ, ತಪ್ಪುತ್ತದೆ. ಎಷ್ಟು ಬಿಡಬೇಕು?"

ನಾಲ್ಕು ಎಂದು ಬೆರಳು ತೋರಿಸಿದೆ. ಜಾಗೃತಿಬೆನ್ ಆ ದೊಡ್ಡ ದನಿಯಲ್ಲಿ, ಕೆಳಗೆ ಪಾರ್ಕಿಂಗಿಗೂ ಕೇಳುವ ಹಾಗೆ, ಎಣಿಸತೊಡಗಿದರು. ಏಕ್, ಬೇ, ತ್ರಣ್, ಚಾರ್. ಚಾರ್ ಅಂದಲ್ಲಿ ನಾನು ಚುಚ್ಚಿದೆ.